ನೆತ್ತಿಯೆಂಬ ಬಯಲು

ಕೂದಲಿನ ಕೆಳಗೆ ಒಂದು ನೆಲವಿದೆ ಎಂಬುದು ನಮಗೆ ನೆನಪಾಗುವುದೇ ಅಪರೂಪ. ಬೈತಲೆ ತೆಗೆಯುವಾಗ ಬಾಚಣಿಗೆಯ ಮೊನೆ ಎಳೆಯುವ ಬಿಳಿಗೆರೆಯಲ್ಲಿ ಅದು ಕೊಂಚ ಇಣುಕುತ್ತದೆ, ಹಬ್ಬದ ಬೆಳಗ್ಗೆ ಎಣ್ಣೆ ಇಡುವವರ ಬೆರಳತುದಿಗೆ ಅರೆಗಳಿಗೆ ಸಿಗುತ್ತದೆ, ಆಮೇಲೆ ಮತ್ತೆ ಕತ್ತಲು, ಮತ್ತೆ ಸೀಗೆಯ ಗಂಧ, ಮತ್ತೆ ಹೆರಳಿನ ಭಾರ. ಕೂಸಾಗಿದ್ದಾಗ ಚೌಲದ ದಿನ ಕಂಡ ಬಿಸಿಲನ್ನು ಆ ಚರ್ಮ ಆಮೇಲೆ ಇಡಿಯಾಗಿ ಕಂಡಿರುವುದೇ ಇಲ್ಲ. ಮುಖಕ್ಕೆ ವಯಸ್ಸಾಗುತ್ತದೆ, ಒಲೆಯ ಮುಂದೆ ದುಡಿದ ಕೈಗಳಿಗೆ ಮುಖಕ್ಕಿಂತ ಹೆಚ್ಚು ವಯಸ್ಸಾಗುತ್ತದೆ. ಕೂದಲಿನ ನೆರಳಲ್ಲಿ ಮಲಗಿದ ನೆತ್ತಿಗೆ ಮಾತ್ರ ಇನ್ನೂ ಎಳೆತನದ ಬಣ್ಣ. ಕೀಮೋ ಎಂಬ ಕಟುವಾದ ಮದ್ದು ಮೈಗಿಳಿದು, ಕೂದಲನ್ನೆಲ್ಲ ತನ್ನ ಜೊತೆ ಕರೆದುಕೊಂಡು ಹೋದ ಮೇಲೆ, ಅಷ್ಟು ವರ್ಷ ಯಾರ ಕಣ್ಣಿಗೂ ಬೀಳದೆ ಇದ್ದ ಆ ಎಳೆಯ ಬಯಲು ಬೆಳಕಿಗೆ ಬರುತ್ತದೆ. ಅಕ್ಕನ ನೆತ್ತಿಯನ್ನು ನಾನು ಕಂಡದ್ದು ಹಾಗೆ.

ಅವಳ ನರದೊಳಕ್ಕೆ ಹನಿಹನಿಯಾಗಿ ಇಳಿದ ಮೊದಲ ಮದ್ದು ಮಾಣಿಕ್ಯದ ಕೆಂಪು. ಡಾಕ್ಸೊರೂಬಿಸಿನ್ ಎಂಬ ಹೆಸರು ನಾಲಗೆಗೆ ಹೊರಳದ ಹೆಂಗಸರು ಪಕ್ಕದ ಮಂಚದವರನ್ನು ‘ನಿಮಗೂ ಇವತ್ತು ಕೆಂಪು ಔಷಧಿನಾ?’ ಎಂದು ಕೇಳುತ್ತಿದ್ದರು. ಆ ಕೆಂಪಿನ ಜಾಡು ಹಿಡಿದು ಹಿಂದೆ ಹಿಂದೆ ಹೋದರೆ ಅದು ಇಟಲಿಯ ದಕ್ಷಿಣದಲ್ಲಿ, ಕ್ಯಾಸ್ಟೆಲ್ ಡೆಲ್ ಮೊಂಟೆ ಎಂಬ ಹದಿಮೂರನೆಯ ಶತಮಾನದ ಎಂಟು ಮೂಲೆಯ ಕೋಟೆಯ ಆಸುಪಾಸಿನ ಮಣ್ಣಿಗೆ ಮುಟ್ಟುತ್ತದೆ. 1950ರ ದಶಕದಲ್ಲಿ ಆ ಮಣ್ಣನ್ನು ಪರೀಕ್ಷಿಸಿದವರಿಗೆ ಅದರೊಳಗೆ ಒಂದು ಸೂಕ್ಷ್ಮಜೀವಿ ತನ್ನ ಪಾಡಿಗೆ ತಾನು ಕೆಂಪನ್ನು ನೇಯುತ್ತ ಕೂತಿದ್ದು ಕಂಡಿತು, ಆ ಜೀವಿಯ ಮುಂದಿನ ತಳಿಯೊಂದರಿಂದ ಈ ಮದ್ದು ಬಂತು. ಆಮೇಲಿನ ಸರದಿಯ ಪ್ಯಾಕ್ಲಿಟ್ಯಾಕ್ಸೆಲ್ ಹುಟ್ಟಿದ್ದು ಅಮೆರಿಕದ ಪಶ್ಚಿಮ ಕರಾವಳಿಯ ಕಾಡಿನ ಯೂ ಮರದ ತೊಗಟೆಯಲ್ಲಿ. 1962ರಲ್ಲಿ ವಾಷಿಂಗ್ಟನ್ ರಾಜ್ಯದ ಕಾಡಿನಿಂದ ಸಂಗ್ರಹಿಸಿದ ತೊಗಟೆಯೊಳಗೆ ಏನಿದೆ ಎಂಬುದನ್ನು ಮನ್ರೋ ವಾಲ್ ಮತ್ತು ಮಹಾರಾಷ್ಟ್ರದ ನಂದುರ್ಬಾರ್‌ನಲ್ಲಿ ಹುಟ್ಟಿದ ಮನ್ಸುಖ್ ವಾನಿ ಸಂಗಡಿಗರೊಂದಿಗೆ ಸೇರಿ 1971ರಲ್ಲಿ ಲೋಕಕ್ಕೆ ತಿಳಿಸಿದರು. ಅದೇ ಇಬ್ಬರು 1966ರಲ್ಲಿ ಚೀನಾ ಮೂಲದ ಮರವೊಂದರಲ್ಲಿ ಕಂಡುಹಿಡಿದ ಕ್ಯಾಂಪ್ಟೊಥೆಸಿನ್ ಎಂಬ ಇಂಥದೇ ಮದ್ದಿನ ಮೂಲ ನಮ್ಮ ಸಹ್ಯಾದ್ರಿಯ ಮಳೆಕಾಡಿನ ಮರವೊಂದರಲ್ಲೂ ಇದೆ, ನಮ್ಮ ಜನ ಅದನ್ನು ದುರ್ವಾಸನೆ ಮರ ಎಂದು ಕರೆದು ದೂರ ಇಟ್ಟಿದ್ದರು. ಎಲ್ಲಿಯ ಕೋಟೆಯ ಮಣ್ಣು, ಎಲ್ಲಿಯ ತೊಗಟೆ, ಯಾರೂ ಹತ್ತಿರ ಸುಳಿಯದ ಯಾವ ಮರದ ಯಾವ ನಾತ. ಇವೆಲ್ಲ ಕಡಲು ದಾಟಿ, ಬಾಟಲಿಗಳೊಳಗೆ ತಿಳಿಯಾಗಿ, ಬಡಾವಣೆಯೊಂದರ ಹೆಂಗಸಿನ ಮೊಣಕೈಯ ನರವನ್ನು ಹುಡುಕಿಕೊಂಡು ಬರುತ್ತವಲ್ಲ ಎಂದು ಹನಿ ಬೀಳುವುದನ್ನೇ ನೋಡುತ್ತ ಕೂತಿದ್ದರೆ ಮಧ್ಯಾಹ್ನ ಸಂಜೆಯಾಗಿದ್ದು ತಿಳಿಯುತ್ತಿರಲಿಲ್ಲ.

ಕೂದಲು ಯಾಕೆ ಹೋಗುತ್ತದೆ ಎಂಬುದಕ್ಕೆ ಕಾರಣ ಕೇಳಿದಾಗ ನನಗೆ ದುಃಖಕ್ಕಿಂತ ಮೊದಲು ಬೆರಗಾಯಿತು. ಒಂದು ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲು, ಅದರಲ್ಲಿ ನೂರಕ್ಕೆ ತೊಂಬತ್ತರಷ್ಟು ಯಾವ ಹೊತ್ತಿನಲ್ಲೂ ಬೆಳೆಯುತ್ತಲೇ ಇರುತ್ತವೆ, ಒಂದೊಂದೂ ತಿಂಗಳಿಗೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್. ಒಂದೊಂದನ್ನೇ ನೋಡಿದರೆ ಏನೂ ಅಲ್ಲ. ಎಲ್ಲವನ್ನೂ ಕೂಡಿಸಿ ತುದಿಗೆ ತುದಿ ಸೇರಿಸಿದರೆ ಒಂದು ತಲೆ ಒಂದು ಹಗಲು ಒಂದು ಇರುಳಿನಲ್ಲಿ ನೆಯ್ದು ಹಾಕುವುದು ಮೂವತ್ತು ಮೀಟರ್ ಎಳೆ, ಐದಾರು ಸೀರೆಗಳನ್ನು ಉದ್ದಕ್ಕೆ ಹಾಸಿದಷ್ಟು. ನಾವು ಉಣ್ಣುವಾಗ, ಜಗಳವಾಡುವಾಗ, ಬಸ್ಸಿನ ಕಿಟಕಿಗೆ ತಲೆಯಾನಿಸಿ ತೂಕಡಿಸುವಾಗ, ಆ ಮಗ್ಗ ಸದ್ದಿಲ್ಲದೆ ನಡೆದೇ ಇರುತ್ತದೆ. ಅಷ್ಟು ನೆಯ್ಯಬೇಕೆಂದರೆ ಬೇರಿನ ಬುಡದ ಕಣಗಳು ಮೈಯ ಬಹುಪಾಲು ಕಣಗಳಿಗಿಂತ ಅವಸರದಲ್ಲಿ ಒಡೆದು ಎರಡಾಗುತ್ತಿರಬೇಕು. ಮದ್ದಿಗೆ ಗೊತ್ತಿರುವುದು ಆ ಅವಸರವೊಂದೇ. ಗಡ್ಡೆಯ ಅವಸರ ಯಾವುದು, ಮುಂಗುರುಳಿನ ಅವಸರ ಯಾವುದು ಎಂದು ಬೇರೆ ಮಾಡಿ ನೋಡುವ ಕಣ್ಣು ಅದಕ್ಕಿಲ್ಲ. ಬೆಳೆಯುವ ಆತುರ ಎಲ್ಲಿ ಕಂಡರೂ ಅಲ್ಲಿ ಅದರ ಕೈ. ಮದ್ದು ಹರಿಯುವ ಹೊತ್ತಿನಲ್ಲಿ ತಲೆಗೆ ತಣ್ಣನೆಯ ಟೋಪಿ ತೊಡಿಸಿ, ರಕ್ತನಾಳಗಳನ್ನು ಕಿರಿದಾಗಿಸಿ, ಬೇರುಗಳನ್ನು ಆ ಕೈಗೆ ಸಿಗದಂತೆ ಮರೆಮಾಡುವ ಉಪಾಯವೂ ಇದೆ, ಕೆಲವರಿಗೆ ಅದು ಒದಗುತ್ತದೆ. ಅಕ್ಕನಿಗೆ ಒದಗಲಿಲ್ಲ.

ಮೊದಲ ಸರದಿ ಮುಗಿದು ಎರಡು ಮೂರು ವಾರಕ್ಕೆ ಕೂದಲು ಹೊರಡಲು ಅಣಿಯಾಗುತ್ತದೆ ಎಂದು ಹೇಳಿದ್ದರು, ಹಾಗೇ ಆಯಿತು. ಆದರೆ ಹೊರಡುವ ಮುಂಚೆ ನೆತ್ತಿ ನೋಯುತ್ತದೆ ಎಂದು ನಮಗೆ ಯಾರೂ ಹೇಳಿರಲಿಲ್ಲ. ಬೇರುಬೇರೂ ಉರಿಯುತ್ತಿತ್ತು, ಹತ್ತಿಯ ದಿಂಬು ಕೂಡ ಒರಟಾಗಿತ್ತು, ಸೆರಗು ತಲೆಗೆ ತಾಗಿದರೂ ಅಕ್ಕ ಹುಬ್ಬು ಗಂಟಿಕ್ಕುತ್ತಿದ್ದಳು. ಉದ್ದನೆಯ ಜಡೆಯ ತೂಕವನ್ನು ಆ ಉರಿಯ ಮೇಲೆ ಹೊರಿಸುವುದಕ್ಕಿಂತ ಮೊದಲೇ ಗಿಡ್ಡ ಮಾಡಿಸಿಬಿಡಿ, ಆದರೆ ಬ್ಲೇಡು ಬೇಡ, ಮೆಷಿನ್ನಲ್ಲಿ ತೆಗೆಯಿರಿ ಎಂದು ನರ್ಸಮ್ಮ ಹೇಳಿ ಕಳಿಸಿದ್ದಳು. ಕೀಮೋ ಆದ ಎರಡನೇ ವಾರದ ಹೊತ್ತಿಗೆ ರಕ್ತದ ಬಿಳಿಕಣ ಇಳಿದಿರುತ್ತದೆ, ಕೂದಲೆಳೆಯಷ್ಟು ಗೀರಿದರೂ ಅದೇ ಸೋಂಕಿನ ಬಾಗಿಲಾಗಬಹುದು. ಹಿತ್ತಿಲ ಕಟ್ಟೆಯ ಮೇಲೆ, ಸೀಬೆ ಮರದ ಎಲೆಗಳ ನಡುವಿನಿಂದ ಬಿಸಿಲು ಚೂರುಚೂರಾಗಿ ಬೀಳುತ್ತಿದ್ದ ಹೊತ್ತಿನಲ್ಲಿ, ಅಕ್ಕನ ಮಗ ತನ್ನ ಗಡ್ಡದ ಟ್ರಿಮ್ಮರನ್ನು ಚೆನ್ನಾಗಿ ಒರೆಸಿ ತಂದು, ಹಿಂದಲೆಯಿಂದ ಶುರು ಮಾಡಿ, ಕಿವಿಯ ಬಳಿ ಬಂದಾಗ ಉಸಿರು ಬಿಗಿಹಿಡಿದು, ನಿಧಾನವಾಗಿ ನೆತ್ತಿಯ ಕಡೆ ಏರಿದ. ಕೂದಲು ಒಂದೊಂದು ಗುಂಪಾಗಿ ಹೆಗಲಿಗೆ, ಹೆಗಲಿನಿಂದ ಮಡಿಲಿಗೆ, ಮಡಿಲಿನಿಂದ ಕಟ್ಟೆಗೆ ಇಳಿದು ಸುಮ್ಮನಾಗುತ್ತಿತ್ತು.

ಬಯಲಾದ ತಲೆಯನ್ನು ನೋಡುತ್ತ ನಿಂತೆ. ಅಲ್ಲೊಂದು ಸುಳಿಯಿತ್ತು, ಬಲಕ್ಕೆ ತಿರುಗಿದ ಸುಳಿ, ನಡುವೆ ಸಾಸಿವೆಯಷ್ಟು ತಗ್ಗು. ಕೂದಲಿನ ಬೇರುಗಳೆಲ್ಲ ತಾಯಿಯ ಬಸಿರಿನಲ್ಲೇ ನೆಲೆಗೊಳ್ಳುತ್ತವೆ, ಹುಟ್ಟಿದ ಮೇಲೆ ಹೊಸದಾಗಿ ಒಂದೂ ಮೂಡುವುದಿಲ್ಲ, ಸುಳಿ ಯಾವ ಕಡೆ ತಿರುಗಬೇಕೆಂಬುದೂ ಅಲ್ಲೇ ತೀರ್ಮಾನವಾಗಿರುತ್ತದೆ. ಹಾಗಾದರೆ ನಾನೀಗ ನೋಡುತ್ತಿದ್ದದ್ದು ಅಮ್ಮನ ಒಳಗೆ ಕತ್ತಲಲ್ಲಿ ಬರೆದ ಒಂದು ಸುತ್ತನ್ನು, ಅಮ್ಮನೂ ಇಲ್ಲದ ಈ ಹೊತ್ತಿನಲ್ಲಿ. ಎಡಗಿವಿಯ ಮೇಲೆ ಅಕ್ಕಿಕಾಳಿನುದ್ದದ ಒಂದು ಗಾಯದ ಕಲೆ. ಅದು ಯಾವಾಗ ಆದದ್ದೆಂದು ಅಕ್ಕನಿಗೂ ನೆನಪಿಲ್ಲ, ಹೇಳುವವರು ಯಾರೂ ಉಳಿದಿಲ್ಲ. ಹಿಂದಲೆಯ ಇಳಿಜಾರಿನಲ್ಲಿ ಒಂದು ಕರಿಯ ಮಚ್ಚೆ, ಕುತ್ತಿಗೆ ಸೇರುವಲ್ಲಿ ಎರಡು ನರಗಳ ನಡುವೆ ಒಂದು ಮೆತ್ತನೆಯ ಕಣಿವೆ, ಕಣತಲೆಯ ಪಕ್ಕ ಮಿಡಿಯುವ ನೀಲಿ ನರ. ಇಷ್ಟು ಕಾಲ ಒಂದೇ ಮನೆಯಲ್ಲಿ ಉಂಡು ಮಲಗಿ ಬೆಳೆದವಳ ಮೈಯಲ್ಲಿ ಇಷ್ಟೊಂದು ಕಾಣದ ಊರು ಇತ್ತೆ! ‘ದೇವರಿಗೆ ಮುಡಿ ಕೊಟ್ಟೆ ಅಂದ್ಕೊ’ ಎಂದು ನೋಡಲು ಬಂದ ನೆಂಟರೊಬ್ಬರು ಸಮಾಧಾನ ಹೇಳಿದರು. ‘ಕೇಳದೆ ತಗೊಂಡ್ರೆ ಅದು ಕೊಟ್ಟಂಗಾಗುತ್ತಾ?’ ಎಂದಳು ಅಕ್ಕ, ನಗುತ್ತಲೇ. ಅವರು ಕಾಫಿ ಲೋಟ ಕೆಳಗಿಟ್ಟು ಹಲಸಿನಹಣ್ಣಿನ ಮಾತಿಗೆ ಹೊರಳಿದರು.

ಆಮೇಲಿನ ದಿನಗಳಲ್ಲಿ ನನ್ನ ಪಾಲಿಗೆ ಬಂದದ್ದು ಆ ತಲೆಗೆ ನೀರೆರೆಯುವ ಕೆಲಸ. ಹಂಡೆಯ ಕುದಿನೀರಿನ ಕಾಲ ಮುಗಿದಿತ್ತು; ಮೊಣಕೈ ಅದ್ದಿ ನೋಡಿದರೆ ಬಿಸಿಯೂ ಅಲ್ಲ ತಣ್ಣಗೂ ಅಲ್ಲ ಎನ್ನಿಸುವ ಉಗುರುಬೆಚ್ಚನೆಯ ನೀರು, ಎಳೆಮಕ್ಕಳಿಗೆ ಹಾಕುವ ಸೌಮ್ಯವಾದ ಶ್ಯಾಂಪೂ ಎರಡು ಹನಿ, ಅದೂ ದಿನಾ ಅಲ್ಲ. ಉಗುರು ತಾಗಿಸುವಂತಿಲ್ಲ, ಅಂಗೈ ಮಾತ್ರ. ತಂಬಿಗೆಯಿಂದ ನೀರು ಹಣೆಯ ಅಂಚಿಗೆ ಬಿದ್ದು, ತಡೆಯುವ ಕೂದಲಿಲ್ಲದ್ದರಿಂದ ಒಮ್ಮೆಲೇ ಇಡೀ ನೆತ್ತಿಯನ್ನು ತಬ್ಬಿ, ಕಿವಿಯ ಹಿಂದಿನ ತಗ್ಗುಗಳಲ್ಲಿ ಎರಡು ಹೊಳೆಯಾಗಿ ಒಡೆದು, ಬೆನ್ನಿನ ಗುಳಿಯಲ್ಲಿ ಮತ್ತೆ ಒಂದಾಗಿ ಹರಿಯುವುದನ್ನು ನಾನು ಮೊದಲ ಬಾರಿ ನೋಡಿದೆ. ಅಂಗೈ ಕೆಳಗೆ ಬುರುಡೆಯ ಉಬ್ಬುತಗ್ಗುಗಳು, ಅವುಗಳ ಮೇಲೆ ಚರ್ಮ ಒಂದಿಷ್ಟೇ ಸರಿದಾಡುವ ಸಡಿಲ, ಆ ಚರ್ಮದೊಳಗೆ ಎಲ್ಲೋ ಆಳದಲ್ಲಿ ಜೀವದ ಬಿಸುಪು. ಒರೆಸುವಾಗ ತಿಕ್ಕುವಂತಿಲ್ಲ, ಅಮ್ಮನ ಹಳೆಯ ಹತ್ತಿ ಸೀರೆ ಒಗೆದೊಗೆದು ಹೂವಾಗಿತ್ತು, ಅದನ್ನು ಹರಿದು ಮಾಡಿದ ತುಂಡನ್ನು ಮೆಲ್ಲಗೆ ಒತ್ತಿ ನೀರು ಹೀರಿಸಿದರೆ ಸಾಕು. ಅದೇ ಸೀರೆಯ ಉಳಿದ ಭಾಗ ದಿಂಬಿನ ಹೊದಿಕೆಯಾಯಿತು, ಹೊರಗೆ ಹೋಗುವಾಗ ತಲೆವಸ್ತ್ರವಾಯಿತು. ರೇಷ್ಮೆ ಬೋಳುತಲೆಯ ಮೇಲೆ ಜಾರುತ್ತದೆ, ಹತ್ತಿ ಹಿಡಿದುಕೊಂಡು ನಿಲ್ಲುತ್ತದೆ.

ಮದ್ದು ಚರ್ಮದ ಪಸೆಯನ್ನೂ ಕುಡಿಯುತ್ತದೆ. ನೆತ್ತಿ ಒಣಗಿ, ಸಣ್ಣಗೆ ಹೊಟ್ಟೆದ್ದು, ರಾತ್ರಿ ಹೊತ್ತು ತುರಿಸುತ್ತದೆ. ಡಾಕ್ಟರನ್ನು ಕೇಳಿಕೊಂಡು, ಒದ್ದೆ ಪೂರ್ತಿ ಆರುವ ಮುನ್ನ, ಸುವಾಸನೆ ಬೆರೆಸದ ಕ್ರೀಮನ್ನೋ ಬರಿಯ ಕೊಬ್ಬರಿ ಎಣ್ಣೆಯನ್ನೋ ಅಂಗೈಯಲ್ಲಿ ಹರಡಿ ಸವರುತ್ತಿದ್ದೆ. ಈರುಳ್ಳಿ ರಸ, ನಿಂಬೆ, ಮೆಂತ್ಯದ ಲೇಪ, ಯಾರದೋ ಊರಿನ ಗ್ಯಾರಂಟಿ ತೈಲ, ಪ್ರೀತಿಯಿಂದ ಹೇಳಿದವರಿಗೆಲ್ಲ ಹೂಂ ಅಂದು ಅವನ್ನೆಲ್ಲ ಹೊಸ್ತಿಲಾಚೆಯೇ ಬಿಟ್ಟೆವು, ಉರಿಯುವ ನೆಲಕ್ಕೆ ಇನ್ನೊಂದು ಉರಿ ಬೇಡವಾಗಿತ್ತು. ಎಲ್ಲಾದರೂ ಕೆಂಪು ಗುಳ್ಳೆ ಎದ್ದಿದೆಯೇ, ಎಲ್ಲಾದರೂ ಬಿರುಕಿದೆಯೇ ಎಂದು ಕಿಟಕಿಯ ಬೆಳಕಿಗೆ ತಿರುಗಿಸಿ ನೋಡುವುದು, ಕಂಡರೆ ಕೀಳದೆ ಆಸ್ಪತ್ರೆಗೆ ಫೋನು ಮಾಡುವುದು, ಜ್ವರ 100.4 ಡಿಗ್ರಿ ಮುಟ್ಟಿದರೆ ರಾತ್ರಿಯೋ ಹಗಲೋ ಎನ್ನದೆ ಹೊರಡುವುದು, ಇವೂ ಆ ಸೇವೆಯ ಭಾಗ. ಎಣ್ಣೆ ಸವರುವಾಗ ನನ್ನ ಬೆರಳುಗಳು ತಾವಾಗಿ ನೆತ್ತಿಯ ನಡುವಿಗೆ ಹೋಗಿ ನಿಲ್ಲುತ್ತಿದ್ದವು. ಕೂಸಿನ ತಲೆಯಲ್ಲಿ ಮೆದುವಾಗಿ ಮಿಡಿಯುವ ಜಾಗ ಅದು, ಅಜ್ಜಿಯರು ಹರಳೆಣ್ಣೆ ಒತ್ತಿ ತಂಪು ಮಾಡುತ್ತಿದ್ದ ಜಾಗ, ಒಂದೂವರೆ ವರ್ಷದ ಸುಮಾರಿಗೆ ಮೂಳೆ ಕೂಡಿಕೊಂಡು ಮುಚ್ಚಿಹೋಗುವ ಬಾಗಿಲು. ಮುಚ್ಚಿದೆ ಎಂದು ಗೊತ್ತಿದ್ದರೂ ಅಲ್ಲಿ ಕೈ ಹಗುರಾಗುತ್ತದೆ, ಮಾತು ತಾನಾಗಿ ತಗ್ಗುತ್ತದೆ.

ಪ್ರತಿ ಕೂದಲಿನ ಬುಡಕ್ಕೂ ನರದ ಎಳೆಗಳು ಸುತ್ತಿಕೊಂಡಿರುತ್ತವೆ, ಗಾಳಿ ಕೂದಲನ್ನು ಅಲುಗಿಸಿದ್ದು ಬುಡಕ್ಕೆ ತಿಳಿಯುವುದು ಹಾಗೆ. ಕೂದಲು ಹೋದ ಮೇಲೆ ಗಾಳಿಗೂ ಚರ್ಮಕ್ಕೂ ನಡುವೆ ಸುದ್ದಿ ಮುಟ್ಟಿಸುವವರು ಯಾರೂ ಇಲ್ಲ, ಅವೆರಡೂ ಮುಖಾಮುಖಿ. ಫ್ಯಾನಿನ ಗಾಳಿ ಎಷ್ಟು ದೊಡ್ಡದೆಂದು, ಬೆಳಗಿನ ಜಾವ ಎಷ್ಟು ತಣ್ಣಗೆಂದು ಅಕ್ಕನಿಗೆ ಆಗ ಗೊತ್ತಾಯಿತು. ಮೈಯ ಶಾಖ ನೆತ್ತಿಯಿಂದ ಸೋರಿಹೋಗದಿರಲೆಂದು ರಾತ್ರಿ ಹತ್ತಿಯ ಕುಲಾವಿ ಹಾಕಿಕೊಂಡು ಮಲಗುತ್ತಿದ್ದಳು. ಹಗಲಿನ ಬಿಸಿಲು ಅಭ್ಯಾಸವಿಲ್ಲದ ಆ ಚರ್ಮವನ್ನು ಬೇಗ ಸುಡುತ್ತದೆ, ಆದ್ದರಿಂದ ಕೊಡೆ, ಇಲ್ಲವೇ ವಸ್ತ್ರ. ಒಮ್ಮೆ ಮಾತ್ರ, ಮುಂಗಾರಿನ ಮೊದಲ ಹನಿಗಳು ಹಂಚಿನ ಮೇಲೆ ಟಪಟಪ ಶುರುವಾದಾಗ, ಬಟ್ಟೆ ಎತ್ತಲು ಅಂಗಳಕ್ಕೆ ಹೋದವಳು ಅಲ್ಲೇ ನಿಂತುಬಿಟ್ಟಳು. ಒಂದು ಹನಿ ನೇರವಾಗಿ ಸುಳಿಯ ಮೇಲೆ ಬಿತ್ತು. ‘ಎಷ್ಟು ತೂಕ ಗೊತ್ತಾ ಒಂದು ಹನಿಗೆ!’ ಎಂದಳು, ಒಳಗೆ ಬಂದು, ಕಣ್ಣರಳಿಸಿ.

ಶ್ರವಣಬೆಳಗೊಳದ ಬೆಟ್ಟದ ಮೇಲೆ 58 ಅಡಿ ಎತ್ತರದ ಗೊಮ್ಮಟನಿಗೆ ಹನ್ನೆರಡು ವರ್ಷಕ್ಕೊಮ್ಮೆ ಮಸ್ತಕಾಭಿಷೇಕ. 2018ರಲ್ಲಿ ನಡೆದಾಗ ಬೆಟ್ಟದ ಮೆಟ್ಟಿಲ ಜನಜಂಗುಳಿಯಲ್ಲಿ ನಾವಿಬ್ಬರೂ ಇದ್ದೆವು. ನೀರು, ಎಳನೀರು, ಕಬ್ಬಿನ ಹಾಲು, ಹಾಲು, ಅರಿಶಿನ, ಶ್ರೀಗಂಧ, ಒಂದಾದ ಮೇಲೊಂದು ಕೊಡಗಳು ಆ ಕಲ್ಲಿನ ಗುಂಗುರುಗಳ ಮೇಲೆ ಬಾಗಿ, ಬಿಳಿ ಹೋಗಿ ಹಳದಿ, ಹಳದಿ ಹೋಗಿ ಕೆಂಪು, ಹೆಗಲಿನಿಂದ ಬಳ್ಳಿಗಿಳಿದು ಪಾದ ಸೇರುವುದನ್ನು ಲೋಕವೆಲ್ಲ ಮರೆತು ನೋಡುತ್ತಿತ್ತು. ಎಲ್ಲವನ್ನೂ ಬಿಟ್ಟವನು, ಅವನ ಹಾದಿಯ ಮುನಿಗಳು ಇಂದಿಗೂ ತಲೆಗೂದಲನ್ನು ಕೈಯಾರೆ ಕಿತ್ತು ತೆಗೆಯುವವರು. ಅಂಥವನ ತಲೆಗೆ ಇಷ್ಟು ತಂಪು, ಇಷ್ಟು ಬಣ್ಣ, ಇಷ್ಟು ಗಂಧ ಯಾಕೆ ಬೇಕೆಂದು ಆಗ ಸುಮ್ಮನೆ ಹೊಳೆದು ಮರೆತಿತ್ತು. ಬಚ್ಚಲಿನ ಮಣೆಯ ಮೇಲೆ ತಲೆ ಬಗ್ಗಿಸಿ ಕೂತ ಅಕ್ಕನಿಗೆ ತಂಬಿಗೆ ಬಗ್ಗಿಸುವಾಗ ಉತ್ತರ ಸಿಕ್ಕಿತೆಂದು ಹೇಳಲಾರೆ, ಪ್ರಶ್ನೆ ಮಾತ್ರ ಕರಗಿತು. ಬೇಕಾದ್ದು ಅವನಿಗಲ್ಲವೇನೋ, ಎರೆಯುವ ಕೈಗಳಿಗೇ ಇರಬೇಕು.

ಇನ್ನೊಂದು ಸಂಗತಿ ನನ್ನನ್ನು ಬಹಳ ದಿನ ಹಿಡಿದುಕೊಂಡಿತ್ತು. ಕೂದಲಿನ ಬೇರು ಕೂತಿರುವ ರೋಮಕೂಪದ ಗೋಡೆಯಲ್ಲಿ, ಬುಡದಿಂದ ತುಸು ಮೇಲೆ, ಒಂದು ಪುಟ್ಟ ಉಬ್ಬಿದೆ. ಮುಂದೆ ಹೊಸ ಕೂದಲನ್ನು ಕಟ್ಟಬಲ್ಲ ಮೂಲಕಣಗಳು ಅಲ್ಲಿ ಅವಸರವಿಲ್ಲದೆ ಮಲಗಿರುತ್ತವೆ ಎಂದು 1990ರಲ್ಲಿ ಜಾರ್ಜ್ ಕೊಟ್ಸಾರೆಲಿಸ್ ಮತ್ತು ಸಂಗಡಿಗರು ಇಲಿಯ ಚರ್ಮದಲ್ಲಿ ನೋಡಿ ಬರೆದರು. ಅವಸರವಿಲ್ಲದ್ದರಿಂದಲೇ ಮದ್ದು ಅವುಗಳನ್ನು ಬಹುಮಟ್ಟಿಗೆ ಗಮನಿಸದೆ ದಾಟಿಹೋಗುತ್ತದೆ. ಬುಡದಲ್ಲಿ ದುಡಿಯುತ್ತಿದ್ದವು ಹೋಗುತ್ತವೆ, ಮೇಲೆ ನಿದ್ರಿಸುತ್ತಿದ್ದವು ಉಳಿಯುತ್ತವೆ. ಆ ಉಬ್ಬಿಗೆ ಒಂದು ಸಣ್ಣ ಸ್ನಾಯುವಿನ ತುದಿ ಅಂಟಿಕೊಂಡಿದೆ. ಚಳಿಗೆ, ಭಯಕ್ಕೆ, ರಾಗವೊಂದು ಥಟ್ಟನೆ ಎದೆಗೆ ತಾಗಿದ ಕ್ಷಣಕ್ಕೆ ಕೂದಲನ್ನು ನಿಮಿರಿಸುವ ಸ್ನಾಯು ಅದು. ಭರತನ ನಾಟ್ಯಶಾಸ್ತ್ರ ಎಂಟು ಸಾತ್ತ್ವಿಕ ಭಾವಗಳಲ್ಲಿ ಒಂದೆಂದು ಎಣಿಸಿದ ರೋಮಾಂಚ ನಡೆಯುವುದೂ, ಕಳೆದುಹೋದದ್ದು ಮತ್ತೆ ಚಿಗುರಲು ಕಾದು ಮಲಗಿರುವುದೂ ಒಂದೇ ತಾವಿನಲ್ಲಿ, ಕೂದಲೆಳೆಯಷ್ಟೂ ಅಂತರವಿಲ್ಲದೆ. ಯಾರು ಇಟ್ಟರು ಅವೆರಡನ್ನು ಅಷ್ಟು ಹತ್ತಿರ? ಬೋಳಾದ ತಲೆಯ ಮೇಲೂ ಸಂಜೆಯ ರೇಡಿಯೋದ ಹಾಡಿಗೆ ಆ ಸ್ನಾಯುಗಳು ಎಳೆದಿರಬಹುದು, ನಿಮಿರಲು ಕೂದಲಿಲ್ಲದೆ, ಯಾರ ಕಣ್ಣಿಗೂ ಕಾಣದೆ.

ಕೊನೆಯ ಬಾಟಲಿ ಮುಗಿದ ಮೇಲೆ ಕೂದಲು ಬಂತು. ಮೊದಲು ಬಂದದ್ದನ್ನು ಕೂದಲೆನ್ನುವಂತಿರಲಿಲ್ಲ. ಓರೆ ಬೆಳಕಿನಲ್ಲಿ ಮಾತ್ರ ಕಾಣುವ ಒಂದು ಮಬ್ಬು, ಅಂಗೈಗೆ ಮಾತ್ರ ತಿಳಿಯುವ ಒಂದು ಮೆದು. ತಿಂಗಳುಗಳು ಉರುಳಿದಂತೆ ಅದು ನೆತ್ತಿಯನ್ನು ಮುಚ್ಚಿತು, ಆದರೆ ಹಿಂದಿನ ನೇರ ಕಪ್ಪಲ್ಲ, ಬೂದಿ ಬೆರೆತ ಗುಂಗುರು. ಕೀಮೋ ಆದವರಲ್ಲಿ ಹೀಗೆ ಗುಂಗುರಾಗುವುದು ಅಪರೂಪವಲ್ಲ, ಬಹಳ ಮಂದಿಗೆ ಕಾಲ ಕಳೆದಂತೆ ಹಳೆಯ ಬಗೆಗೆ ತಿರುಗುತ್ತದೆ. ಬಣ್ಣ ಹಚ್ಚಲು ಅವಸರ ಬೇಡ, ನೆತ್ತಿ ಇನ್ನೂ ಎಳೆಯದು ಎಂದರು ಡಾಕ್ಟರು. ‘ಹಚ್ಚೋದಿಲ್ಲ ಬಿಡಿ, ಯಾರೋ ಹೊಸಬರು ಬಂದಿದಾರೆ, ಪರಿಚಯ ಆಗ್ಲಿ’ ಎಂದಳು ಅಕ್ಕ.

ನಾವು ಎರೆದ ನೀರು, ಸವರಿದ ಎಣ್ಣೆ, ಸುತ್ತಿದ ಸೀರೆಯ ತುಂಡು ಒಂದೇ ಒಂದು ಎಳೆಯನ್ನೂ ಬೇಗ ಕರೆತರಲಿಲ್ಲ ಎಂಬುದು ನನಗೆ ಗೊತ್ತು. ಅದು ಬಂದದ್ದು ತನ್ನ ಉಬ್ಬಿನಿಂದ, ತನ್ನ ಹೊತ್ತಿಗೆ. ವಾರ್ಡಿನಲ್ಲಿ ಪರಿಚಯವಾದವರಲ್ಲಿ ಮದ್ದು ನಿಲ್ಲಿಸುವಂತೆಯೇ ಇಲ್ಲದವರಿದ್ದರು, ವರ್ಷ ಕಳೆದರೂ ಕೂದಲು ಹಳೆಯ ದಟ್ಟಣೆಗೆ ಮರಳದವರಿದ್ದರು. ಅವರ ನೆತ್ತಿಗೂ ಅದೇ ಉರಿ, ಅದೇ ತುರಿಕೆ, ಬೆಳಗಿನ ಜಾವದ ಅದೇ ಚಳಿ. ಅವರ ಸುಳಿಯೂ ಯಾವುದೋ ತಾಯಿಯ ಒಳಗೆ ತಿರುಗಿದ್ದೇ. ಕೂದಲು ಬರಲಿ ಎಂದು ಆರೈಕೆ ಮಾಡುವುದಾದರೆ ಅಂಥವರ ಪಾಲಿಗೆ ಮಾಡಲು ಏನೂ ಉಳಿಯುವುದಿಲ್ಲ. ತಲೆಯೇ ಸಾಕು, ಅದು ಇದೆಯಲ್ಲ, ಬೆಚ್ಚಗಿದೆಯಲ್ಲ ಎಂದು ಮಾಡುವುದಾದರೆ ಯಾವ ತಲೆಯೂ ಬರಿದಲ್ಲ.